ಹೋಬಳಿ ಇಲ್ಲ ಮಾರಾಯ, ವಿಲ್ಲೇಜ್ ಆಫೀಸ್ ಉಂಟು

ನಿನ್ನೆ ಫೋನಲ್ಲಿ "ಫಾರ್ಮಲ್ಲಿ ಹೋಬಳಿ ಕೇಳ್ತಿದೆ, ನಿಮ್ದು ಯಾವ್ದೋ? ಅಂದ್ಹಾಗೆ ಕೇರಳದವ್ನಾದ್ರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀಯ" ಅಂದ್ಯಲ್ಲ, ಎರಡನೇದಕ್ಕೆ ಉತ್ರ ಕೊಡುದಿಲ್ಲ, ಬಿಪಿ ಏರ್ತದೆ. ಹೋಬಳಿದು ಹೇಳ್ತೇನೆ.

ಹೋಬಳಿ ಕೇರಳದಲ್ಲಿ ಇಲ್ಲವೇ ಇಲ್ಲ. ಗ್ರಾಮ ಪಂಚಾಯತ್, ಬ್ಲಾಕ್, ಜಿಲ್ಲಾ ಪಂಚಾಯತ್, ಇದು ವೋಟಿನ ಲೈನು. ಭೂಮಿ, ಜಾತಿ, ಇನ್‌ಕಮ್ ಸರ್ಟಿಫಿಕೇಟಿಗೆ ವಿಲ್ಲೇಜ್ ಆಫೀಸು, ಮೇಲೆ ತಾಲೂಕು, ಕಲೆಕ್ಟರ್. ಪಂಚಾಯತಲ್ಲಿ ನಿಮ್ಮ ಹಾಗೆ ಪಿಡಿಒ ಇಲ್ಲ, ಸೆಕ್ರೆಟರಿ. ಇಡೀ ರಾಜ್ಯಕ್ಕೆ ಇರುದೇ 941 ಗ್ರಾಮ ಪಂಚಾಯತ್, ನಿಮ್ಮಲ್ಲಿ ಆರು ಸಾವಿರದ ಹತ್ತಿರ, ಹಾಗಾಗಿ ನಮ್ಮದು ಒಂದೊಂದೂ ದೊಡ್ಡದು, ಕೆಲಸವೂ ಸತ್ಯ ಹೇಳ್ಬೇಕಾದ್ರೆ ನಿಮ್ಮದಕ್ಕಿಂತ ಚೂರು ಮೇಲು. ನಮ್ಮ ಮಂಜೇಶ್ವರ ತಾಲೂಕು ಆದದ್ದು 2014ರಲ್ಲಿ, ಅದಕ್ಕೆ ಮೊದಲು ಎಲ್ಲದಕ್ಕೂ ಕಾಸರಗೋಡಿನ ಬಸ್ಸು.

ತಲೆಬಿಸಿ ಇರುದು ಕಾಗದದ್ದು. 1956ಕ್ಕೆ ಮೊದಲು ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆ, ಅಜ್ಜನ 1952ರ ದಸ್ತಾವೇಜು ಪೂರಾ ಕನ್ನಡದಲ್ಲಿ. ವಿಲ್ಲೇಜ್ ಆಫೀಸಿಗೆ ಬರುವವರು ಹೆಚ್ಚಾಗಿ ತೆಂಕಿನವರು, ಪಾಪ ಅವರಿಗೆ ಓದ್ಲಿಕ್ಕೆ ಬರುದಿಲ್ಲ. ಕನ್ನಡದಲ್ಲೇ ಅರ್ಜಿ ಕೊಡ್ಬಹುದು ಅಂತ ಕಾನೂನಿದೆ, ಕೊಟ್ರೆ ಓದುದು ಯಾರು? ಕಳೆದ ಸಲ ಕೌಂಟರಲ್ಲಿ ನಿಂತು ಚಕ್ಕುಬಂದಿ, ಅಂದ್ರೆ ಜಾಗದ ನಾಲ್ಕು ಗಡಿ, ನಾನೇ ಓದಿ ಓದಿ ನನ್ನ ಹರುಕು ಮಲಯಾಳದಲ್ಲಿ ಹೇಳಿದೆ, ಮೂಡಲಿಗೆ ತೋಡು ಅಂದಾಗ ಆ ಮನುಷ್ಯನ ಮುಖ ಅರಳಿತು, ತೋಡು ಅವರಲ್ಲೂ ತೋಡೇ ಅಲ್ವಾ, ಪಡುವಲಿಗೆ ಕಾಟು ಮಾವಿನ ಮರ, ಅದೂ ಪಾಸ್. "ಬರೆ" ಅಂದಲ್ಲಿ ಸಿಕ್ಕಿಬಿದ್ದೆ, ಕೈಯಲ್ಲಿ ಗುಡ್ಡೆ ಕೊರೆದ ಹಾಗೆ ಮಾಡಿ ತೋರಿಸಿ ಆಯ್ತು.

ಕೊನೆಗೆ ಸರ್ಟಿಫಿಕೇಟ್ ಸಿಕ್ಕಿತು, ಮಲಯಾಳದಲ್ಲಿ. ಲೋನಿಗೆ ಅಂತ ಮಂಗಳೂರಿಗೆ ತಗೊಂಡು ಹೋದೆ, ನಮ್ಮಲ್ಲಿಂದ ತಿರುವನಂತಪುರ ಸುಮಾರು 600 ಕಿ.ಮೀ., ಮಂಗಳೂರು ಬರೀ 20. ಅಲ್ಲಿನ ಕೌಂಟರಿನ ಅಕ್ಕ ಅದನ್ನು ಹಿಂದೆಮುಂದೆ ಮಾಡಿ ನೋಡಿ "ಕನ್ನಡದಲ್ಲಿ ಇಲ್ವಾ?" ಅಂದ್ರು. ಇತ್ತಲ್ಲ, ಅಜ್ಜನದ್ದು, ಬ್ಯಾಗಲ್ಲೇ. ಅದು ಆಗುದಿಲ್ಲವಂತೆ, ಹಳೇದು. ಟ್ರಾನ್ಸ್‌ಲೇಶನ್, ನೋಟರಿ, ಮತ್ತೆ ಎರಡು ದಿನ ಹೋಯ್ತು.

1967ರ ಮಹಾಜನ ಆಯೋಗದ ಗಡಿ ವರದಿ ಚಂದ್ರಗಿರಿ ಹೊಳೆಯಿಂದ ಬಡಗಿನದ್ದು ಕರ್ನಾಟಕಕ್ಕೆ ಅಂದಿತ್ತು, ಅಪ್ಪ ಈಗ್ಲೂ ಊಟದ ಹೊತ್ತಿಗೆ ಅದನ್ನೇ ಹೇಳ್ತಾರೆ. ನನಗೆ ಅಷ್ಟೆಲ್ಲ ಬೇಡ, ಆ ಮೇಜಿನ ಹಿಂದೆ ಕನ್ನಡ ಓದ್ಲಿಕ್ಕೆ ಬರುವ ಒಬ್ಬ ಕ್ಲಾರ್ಕ್ ಕೂತ್ರೆ ಸಾಕು.

ಹೋಬಳಿ ಕಾಲಮಲ್ಲಿ ಮಂಜೇಶ್ವರ ಅಂತ ಬರಿ. ಅಲ್ಲಿ ಯಾರಿಗೆ ಗೊತ್ತಾಗ್ತದೆ.