ನಿಮ್ಮ ಇಂಡಕ್ಟರ್ ಲೇಖನ: ಆ 210 ಎಲ್ಲಿಂದ ಬಂತು?

ನಮಸ್ಕಾರ. ಚಿಪ್ ಮೇಲಿನ ಸ್ಪೈರಲ್ ಇಂಡಕ್ಟರನ್ನ (ಸುರುಳಿಯಾಗಿ ಸುತ್ತಿದ ಲೋಹದ ಗೆರೆಯ ಕಾಯಿಲ್) ಅಳೆದು, ಅದಕ್ಕೆ ಸಮನಾದ ಸರ್ಕ್ಯೂಟ್ ಮಾಡೆಲ್ ಮಾಡೋ ಬಗ್ಗೆ ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ, ಎರಡನೇ ಸಲ ಪೆನ್ನು ಪೇಪರ್ ಇಟ್ಕೊಂಡೇ ಕೂತೆ. ಈಗಿರೋ ಹಾಗೆ ಹಾಕೋಕಾಗಲ್ಲ. ಆದ್ರೆ ಕೈಬಿಡೋಕೂ ಮನಸ್ಸಿಲ್ಲ, ಕನ್ನಡದಲ್ಲಿ ಇದನ್ನೆಲ್ಲ ಬರೆಯೋರು ತುಂಬಾ ಕಮ್ಮಿ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲ ಮೂರು ಪ್ಯಾರಾ ತೆಗೆದುಬಿಡಿ. 1831ರ ಫ್ಯಾರಡೆಯಿಂದ ಹೊರಟ್ರೆ ಚಿಪ್ ಹತ್ರ ಬರೋಷ್ಟ್ರಲ್ಲಿ ಓದೋರು ಎದ್ದು ಹೋಗಿರ್ತಾರೆ. ಹಿನ್ನೆಲೆ ಬೇಕೇ ಬೇಕು ಅಂದ್ರೆ 1990 ಸಾಕು, ಬರ್ಕ್ಲಿಯಲ್ಲಿ ನ್ಗುಯೆನ್ ಮತ್ತೆ ಮೆಯರ್ ಸಿಲಿಕಾನ್ ಮೇಲೇ ಇಂಡಕ್ಟರ್ ಮಾಡಿ ತೋರಿಸಿದ್ದು. ಒಂದು ವಾಕ್ಯದಲ್ಲಿ ಮುಗಿಸಿ. ಲೇಖನ ಶುರುವಾಗಬೇಕಾದ್ದು ಐದನೇ ಪುಟದಿಂದ, ಮೈಕ್ರೋಸ್ಕೋಪಲ್ಲಿ ನೋಡ್ತಾ ಪ್ರೋಬ್ (ಅಳೆಯೋ ಸೂಜಿ) ಇಳಿಸ್ದಾಗ ತುದಿ ಪ್ಯಾಡ್ (ಅದು ಊರೋಕೆ ಚಿಪ್ ಮೇಲಿರೋ ಲೋಹದ ತುಂಡು) ಮೇಲೆ ಸಣ್ಣಗೆ ಗೀರುತ್ತೆ ಅಂತ ಬರೆದಿದ್ದೀರಲ್ಲ, ಆ ನಾಲ್ಕು ಸಾಲು ನಿಜವಾಗ್ಲೂ ಚೆನ್ನಾಗಿದೆ.

ಈಗ ಲೆಕ್ಕ. ನಿಮ್ಮ ಚೌಕದ ಕಾಯಿಲ್‌ಗೆ 3 ಸುತ್ತು, ಹೊರ ಅಳತೆ 200 ಮೈಕ್ರಾನ್, ಗೆರೆಯ ಅಗಲ 10, ಗೆರೆಗಳ ಮಧ್ಯದ ಗ್ಯಾಪ್ 2. ಕಾಯಿಲ್ ಅಳತೆಯಿಂದ ಇಂಡಕ್ಟೆನ್ಸ್ ಲೆಕ್ಕ ಹಾಕೋ ವೀಲರ್ ಸೂತ್ರದ ತಿದ್ದಿದ ರೂಪಕ್ಕೆ ಹಾಕಿ ನೋಡ್ದೆ, 2.8 ನ್ಯಾನೊಹೆನ್ರಿ ಬಂತು, ನೀವು ಅಳೆದಿದ್ದೂ 2.8, ಖುಷಿಯಾಯ್ತು. ಆದ್ರೆ ಪೈ ಮಾಡೆಲ್ (ಮಧ್ಯೆ ಕಾಯಿಲ್, ಎರಡೂ ತುದಿಯಿಂದ ಕೆಳಕ್ಕೆ ಕೆಪಾಸಿಟರ್ ಇರೋ ಸರ್ಕ್ಯೂಟ್) ಟೇಬಲಲ್ಲಿ ಆಕ್ಸೈಡ್ ಕೆಪಾಸಿಟೆನ್ಸ್ (ಗೆರೆಗೂ ಕೆಳಗಿನ ಸಿಲಿಕಾನಿಗೂ ಮಧ್ಯದ ಆಕ್ಸೈಡ್ ಪದರದ್ದು) ಒಂದೊಂದು ತುದೀಲೂ 210 ಫೆಮ್ಟೊಫ್ಯಾರಡ್ ಅಂತಿದೆ, ಅಲ್ಲೇ ನಿಂತೆ. ಸುತ್ತು ಬಿಡಿಸಿದ್ರೆ ಗೆರೆ ಹೆಚ್ಚುಕಮ್ಮಿ 2 ಮಿಲಿಮೀಟರ್ ಉದ್ದ, ಕೆಳಗಿನ ಆಕ್ಸೈಡ್ 5 ಮೈಕ್ರಾನ್ ಅಂತ ನೀವೇ ಬರೆದಿದ್ದೀರ, ಹಾಗಾದ್ರೆ ಒಟ್ಟು 140ರ ಹತ್ರ, ಎರಡು ತುದಿಗೆ ಹಂಚಿದ್ರೆ ತಲಾ 70. ಅಂಚಿನ ಫೀಲ್ಡ್ ಸೇರಿಸ್ಕೊಂಡ್ರೂ ಮೂರು ಪಟ್ಟಾಗೋದು ಕಷ್ಟ. ಪ್ಯಾಡಿನ ಕೆಪಾಸಿಟೆನ್ಸ್ ಒಳಗೇ ಉಳ್ಕೊಂಡಿದೆ ಅಂತ ನನ್ನ ಅನುಮಾನ. ಫಿಟ್ ಮಾಡೋ ಸಾಫ್ಟ್‌ವೇರ್‌ಗೆ ಅದು ಪ್ಯಾಡಿಂದೋ ಕಾಯಿಲಿಂದೋ ಗೊತ್ತಾಗಲ್ಲ, ಎಲ್ಲಿ ಹಿಡಿಸುತ್ತೋ ಅಲ್ಲಿ ತುಂಬುತ್ತೆ, ಕರ್ವ್ ಮಾತ್ರ ಚೆನ್ನಾಗಿ ಕೂರುತ್ತೆ.

ಅದಕ್ಕೇ ಡಿ-ಎಂಬೆಡಿಂಗ್ (ಅಳತೆಯಿಂದ ಪ್ಯಾಡ್, ವೈರಿಂಗ್ ಪಾಲನ್ನ ಕಳೆಯೋದು) ಬಗ್ಗೆ ‘ಓಪನ್, ಶಾರ್ಟ್ ಕಳೆಯಲಾಗಿದೆ’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದು ನಂಗೆ ಬೇಜಾರಾಯ್ತು. ಓಪನ್ ಅಂದ್ರೆ ಕಾಯಿಲ್ ಇಲ್ಲದ ಬರೀ ಪ್ಯಾಡ್, ಶಾರ್ಟ್ ಅಂದ್ರೆ ಕಾಯಿಲ್ ಜಾಗದಲ್ಲಿ ಶಾರ್ಟ್ ಮಾಡಿದ್ದು. ಓಪನ್‌ನ ವೈ ಪ್ಯಾರಾಮೀಟರನ್ನ (ಅಡ್ಮಿಟೆನ್ಸ್) ಡಿವೈಸಿಂದ ಕಳೀಬೇಕು, ಶಾರ್ಟಿಂದಾನೂ ಕಳೀಬೇಕು (ಇದನ್ನ ಬಹಳ ಜನ ಮರೀತಾರೆ), ಆಮೇಲೆ ಎರಡನ್ನೂ ಝೆಡ್‌ಗೆ (ಇಂಪೀಡೆನ್ಸ್) ತಿರುಗಿಸಿ ಡಿವೈಸಿಂದ ಶಾರ್ಟ್ ಕಳೀಬೇಕು. ನೀವು ಏನು ಮಾಡಿದ್ರಿ ಅನ್ನೋದನ್ನ ಹಂತ ಹಂತವಾಗಿ ಬರೀರಿ, ಒಂದು ಪುಟ ಆದ್ರೂ ಪರವಾಗಿಲ್ಲ.

ಇನ್ನೊಂದು, 2.4 ಗಿಗಾಹರ್ಟ್ಸಲ್ಲಿ ಕ್ಯೂ (ಗುಣಮಟ್ಟದ ಅಂಕ, ರಿಯಾಕ್ಟೆನ್ಸ್ ಅಂದ್ರೆ ಎಸಿಗೆ ಕಾಯಿಲ್ ಒಡ್ಡೋ ತಡೆಯನ್ನ ಲಾಸಿಂದ ಭಾಗಿಸಿದ್ದು) 10 ಅಂದಿದ್ದೀರ. ಅಲ್ಲಿ ರಿಯಾಕ್ಟೆನ್ಸ್ 42 ಓಮ್, ಅಂದ್ರೆ ಲಾಸ್ ಬರೀ 4.2 ಓಮ್, ಪ್ರೋಬ್ ಸರಿಯಾಗಿ ಕೂರದೆ ಅರ್ಧ ಓಮ್ ಜಾಸ್ತಿ ಸೇರ್ಕೊಂಡ್ರೆ 10 ಇದ್ದಿದ್ದು 8.9 ಆಗ್ಬಿಡುತ್ತೆ. ಪ್ರೋಬ್ ಎತ್ತಿ ಮತ್ತೆ ಇಳಿಸಿ ಎಷ್ಟು ಸಲ ಅಳೆದ್ರಿ? ಅದನ್ನೂ ಹಾಕಿ.

‘ಪ್ರೇರಕ’, ‘ಇಂಡಕ್ಟರ್’ ಎರಡೂ ಬೇಡ, ಇಂಡಕ್ಟರ್ ಒಂದೇ ಇರ್ಲಿ.

ಓಪನ್ ಸ್ಟ್ರಕ್ಚರಿನ ಡೇಟಾ ಇನ್ನೂ ಇದ್ರೆ ಬರೆಯೋಕೆ ಮುಂಚೆ ಅದನ್ನ ತೆಗೆದು ನೋಡಿ. ಪ್ಯಾಡ್ ಒಂದಕ್ಕೆ 140 ಫೆಮ್ಟೊಫ್ಯಾರಡ್ ಆಸುಪಾಸು ಬಂದ್ರೆ ಕಾಯಿಲಿನ 70 ಸೇರಿ ಆ 210ರ ಲೆಕ್ಕ ಸರಿಹೋಯ್ತು, ಹೇಗೆ ತಪ್ಪಿತು ಹೇಗೆ ಸಿಕ್ತು ಅನ್ನೋದನ್ನೇ ಲೇಖನದ ಮಧ್ಯಕ್ಕೆ ತನ್ನಿ, ಬೇರೆ ಏನಾದ್ರೂ ಬಂದ್ರೂ ನಂಗೆ ಬರೀರಿ, ಕೂತು ನೋಡೋಣ.