ಹಾಸಿಗೆಯಿಂದ ಕಾಣುವ ಗೋಡೆ

ಆಸ್ಪತ್ರೆಗಳಲ್ಲಿ ಚಿತ್ರಕಲೆಯ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ಸೋಮವಾರಪೇಟೆಯ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಸೊಂಟದ ಮೂಳೆ ಮುರಿದು ಹಲವು ವಾರಗಳಿಂದ ಆಸ್ಪತ್ರೆಯಲ್ಲಿರುವ ಅವರ ತಾಯಿಯ ಎದುರಿನ ಗೋಡೆಯಲ್ಲಿ, ತಂಬಾಕಿನಿಂದ ಹುಣ್ಣಾದ ಬಾಯಿಯ ಭಿತ್ತಿಪತ್ರವೊಂದನ್ನು ಬಿಟ್ಟರೆ ಬೇರೇನೂ ಇಲ್ಲವಂತೆ. ಆದರೂ ಅವರು ಕೇಳುತ್ತಾರೆ: ‘ತಜ್ಞ ವೈದ್ಯರಿಗಾಗಿ ಮೈಸೂರಿಗೋ ಮಂಗಳೂರಿಗೋ ಓಡಬೇಕಾದ ಕೊಡಗಿನಲ್ಲಿ ಗೋಡೆಗೆ ಚಿತ್ರ ಬೇಕೆ? ಅದರಿಂದ ರೋಗ ವಾಸಿಯಾಗುತ್ತದೆಯೆ?’ ತಾಯಿಗಾಗಿ ತಾವೇ ಒಂದು ಚಿತ್ರ ತಂದು ಹಾಕಬಹುದೇ ಎಂಬುದು ಅವರ ಕೊನೆಯ ಪ್ರಶ್ನೆ.

ಮಾನ್ಯರೇ,

ಔಷಧಿಯ ಹಣದಲ್ಲಾಗಲಿ ದಾದಿಯರ ಸಂಬಳದಲ್ಲಾಗಲಿ ಒಂದು ರೂಪಾಯಿ ಕಡಿತ ಮಾಡಿ ಚಿತ್ರ ಕೊಳ್ಳಬೇಕೆಂದು ಯಾರಾದರೂ ಹೇಳಿದರೆ ಈ ಪತ್ರಿಕೆಯೇ ಮೊದಲು ವಿರೋಧಿಸುತ್ತದೆ. ಚಿತ್ರದಿಂದ ಮೂಳೆ ಕೂಡುವುದಿಲ್ಲ. ಆದರೆ ನೋವಿಗೂ ಭಯಕ್ಕೂ ಹತ್ತಿರದ ನಂಟಿದೆ. ಆತಂಕ ಏರಿದಂತೆ ನೋವಿನ ಬಾಧೆಯೂ ಏರುತ್ತದೆ, ನಿದ್ದೆ ಕೆಡುತ್ತದೆ, ಮಗ್ಗುಲು ಬದಲಿಸಲಾರದೆ ಮಲಗಿರುವವರ ಮನಸ್ಸು ಹೋಗಲು ಬೇರೆ ಜಾಗವಿಲ್ಲದೆ ಆ ನೋವಿನ ಸುತ್ತಲೇ ತಿರುಗುತ್ತದೆ. ಚಿತ್ರದಿಂದ ಆಗಬಹುದಾದ ಉಪಕಾರವಿರುವುದು ಅಲ್ಲಿ.

ಈ ವಿಷಯದಲ್ಲಿ ಎಲ್ಲರೂ ಉದಾಹರಿಸುವ ಅಧ್ಯಯನ ಸಂಶೋಧಕ ರೋಜರ್ ಉಲ್ರಿಚ್ ಅವರು 1984ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ಮಂದಿಯ ದಾಖಲೆಗಳನ್ನು ಅವರು ಪರಿಶೀಲಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋಗಿದ್ದರು. ತೀವ್ರ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡಿದ್ದರು. ಒಂದೇ ಆಸ್ಪತ್ರೆ, 46 ಜನ, ಅದೂ ಚಿತ್ರವಲ್ಲ, ಕಿಟಕಿ ಎಂಬುದನ್ನು ಮರೆಯಬಾರದು. ಚಿತ್ರಗಳನ್ನೇ ಇಟ್ಟು ನೋಡಿದ್ದು 1993ರಲ್ಲಿ, ಸ್ವೀಡನ್ನಿನ ಉಪ್ಸಾಲಾದಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯಾದ 160 ರೋಗಿಗಳೊಂದಿಗೆ. ನೀರು ಮತ್ತು ಮರಗಳಿರುವ ತೆರೆದ ನೋಟದ ಚಿತ್ರವನ್ನು ಕಂಡವರ ಆತಂಕ ಕಡಿಮೆಯಿತ್ತು. ನೇರ ಗೆರೆಗಳ ಅಮೂರ್ತ ಚಿತ್ರದ ಎದುರು ಮಲಗಿದವರಿಗಾದರೋ, ಯಾವ ಚಿತ್ರವೂ ಇಲ್ಲದವರಿಗಿಂತ ಹೆಚ್ಚು ಆತಂಕವಾಗಿತ್ತು. ಈ ಎರಡನೆಯ ಮಾತನ್ನು ನಮ್ಮ ಲೇಖನ ಇನ್ನಷ್ಟು ಒತ್ತಿ ಹೇಳಬೇಕಿತ್ತೆಂದು ನನಗೆ ಅನ್ನಿಸುತ್ತದೆ. ಗೋಡೆ ತುಂಬಿದರೆ ಸಾಲದು. ತಪ್ಪು ಚಿತ್ರ ಬರಿಗೋಡೆಗಿಂತ ಕೆಡುಕು ಮಾಡಬಲ್ಲದು. ತಮ್ಮ ತಾಯಿಯ ಎದುರಿನ ಭಿತ್ತಿಪತ್ರ ಹೊರರೋಗಿಗಳು ಕಾಯುವ ಜಾಗಕ್ಕೆ ಸರಿ, ಹಾಸಿಗೆಯ ಎದುರಿಗಲ್ಲ. ಅದನ್ನು ಸ್ಥಳಾಂತರಿಸಲು ಖರ್ಚೇನೂ ಇಲ್ಲ.

ಹೊರಗೆಲ್ಲ ಹಸಿರೇ ಇರುವ ಕೊಡಗಿನಲ್ಲಿ ಹಸಿರಿನ ಚಿತ್ರವೇಕೆ ಎಂದು ಕೆಲವರು ಕೇಳುತ್ತಾರೆ. ಜುಲೈ ತಿಂಗಳಲ್ಲಿ ನಮ್ಮ ಯಾವುದೇ ವಾರ್ಡಿಗೆ ಹೋಗಿ ನೋಡಿದರೆ ಕಾರಣ ತಿಳಿಯುತ್ತದೆ. ಇರಚಲು ಬಡಿಯುವುದರಿಂದ ಕಿಟಕಿಗಳನ್ನು ಮುಚ್ಚಿರುತ್ತಾರೆ, ಗಾಜಿನಾಚೆ ಮಂಜು ಬಿಟ್ಟು ಮತ್ತೇನೂ ಕಾಣುವುದಿಲ್ಲ, ಹಗಲಿನಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ, ಒಣಗದ ಬಟ್ಟೆಗಳು ಮಂಚದ ಸರಳುಗಳ ಮೇಲೆ ನೇತಾಡುತ್ತಿರುತ್ತವೆ. ಆಗ ಹೂಮಳೆಯ ನಂತರ ಬೆಳ್ಳಗೆ ಅರಳಿ ನಿಂತ ಕಾಫಿ ತೋಟದ ಅಥವಾ ಬಿಸಿಲಿಗೆ ಹೊಳೆಯುವ ಗದ್ದೆಬಯಲಿನ ಚಿತ್ರವೊಂದು ರೋಗಿಗೆ ತನ್ನ ಊರನ್ನು ಕಾಣಿಸುತ್ತದೆ.

ಇಲ್ಲಿಯೂ ಎಚ್ಚರ ಬೇಕು. ಕೊಡಗು ಎಂದೊಡನೆ ಚಿತ್ರಕಾರರಿಗೆ ನೆನಪಾಗುವುದು ಧುಮ್ಮಿಕ್ಕುವ ಜಲಪಾತ, ಕಡಿದಾದ ಬೆಟ್ಟ, ಸಲಗ. ಪ್ರವಾಸಿಗರ ಹೋಂಸ್ಟೇಗೆ ಅವು ಒಪ್ಪುತ್ತವೆ. 2018ರ ಆಗಸ್ಟಿನಲ್ಲಿ ಬೆಟ್ಟ ಜರಿದು ಮನೆ ಕಳೆದುಕೊಂಡವರು, ತೋಟದ ಕೆಲಸಕ್ಕೆ ಹೋಗುವಾಗ ಆನೆಯ ದಾಳಿಗೆ ಸಿಕ್ಕಿ ಬದುಕುಳಿದವರು ಮಲಗುವ ವಾರ್ಡಿನಲ್ಲಿ ಅವುಗಳನ್ನು ತೂಗುಹಾಕುವುದು ಕ್ರೌರ್ಯವೆಂದೇ ನಾನು ಹೇಳುತ್ತೇನೆ.

ಎಲ್ಲಿ ಹಾಕಬೇಕೆಂಬುದಕ್ಕೂ ಅಷ್ಟೇ ಬೆಲೆಯಿದೆ. ಫಿನ್ಲೆಂಡಿನಲ್ಲಿ 1933ರಲ್ಲಿ ಪೂರ್ಣಗೊಂಡ ಪೈಮಿಯೊ ಕ್ಷಯರೋಗ ಆಸ್ಪತ್ರೆಯನ್ನು ವಿನ್ಯಾಸಗೊಳಿಸಿದ ವಾಸ್ತುಶಿಲ್ಪಿ ಆಲ್ವರ್ ಆಲ್ಟೊ, ಮಲಗಿರುವವರಿಗೆ ಹೆಚ್ಚು ಹೊತ್ತು ಕಾಣುವುದು ಚಾವಣಿಯೇ ಎಂದರಿತು ಅದಕ್ಕೆ ಕಣ್ಣಿಗೆ ಹಿತವಾದ ಹಸಿರು ಬಣ್ಣ ಬಳಿಸಿದರು. ದೀಪವನ್ನು ನೇರವಾಗಿ ಕಣ್ಣಿಗೆ ಚುಚ್ಚದ ಕಡೆ ಇರಿಸಿದರು. ನಮ್ಮಲ್ಲಿ ಉದ್ಘಾಟನೆಗೆ ಬಂದ ಗಣ್ಯರಿಗೆ ಕಾಣುವಂತೆ ಮುಖದ್ವಾರದಲ್ಲಿ ದೊಡ್ಡ ಚಿತ್ರ ಹಾಕುತ್ತಾರೆ, ಒಳಗಿನ ಮಂಚಗಳ ಎದುರು ಏನೂ ಇರುವುದಿಲ್ಲ. ಇರುವ ಅಲ್ಪ ಹಣವನ್ನು ಮಂಚಗಳ ಎದುರಿಗೇ ವ್ಯಯಿಸಬೇಕು.

ಇನ್ನು ತಮ್ಮ ತಾಯಿಯವರ ವಿಷಯ. ಖಂಡಿತ ಹಾಕಬಹುದು; ವಾರ್ಡಿನ ಸಿಸ್ಟರ್ ಅವರ ಒಪ್ಪಿಗೆ ಮೊದಲು ಪಡೆಯಿರಿ. ಕ್ಯಾನ್ವಾಸ್ ಬೇಡ, ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಒರೆಸಿ ಶುಚಿಗೊಳಿಸಲೂ ಆಗದು. ಗಾಜಿನ ಚೌಕಟ್ಟಿನಲ್ಲಿ ದೀಪದ ಬೆಳಕು ಪ್ರತಿಫಲಿಸಿ ಚಿತ್ರವೇ ಕಾಣದಂತಾಗಬಹುದು. ಹೊಳಪಿಲ್ಲದ, ಒದ್ದೆ ಬಟ್ಟೆಯಿಂದ ಒರೆಸಬಹುದಾದ ಲ್ಯಾಮಿನೇಷನ್ ಮಾಡಿಸಿದರೆ ಸಾಕು. ಹಾಕುವ ಮೊದಲು ಮಂಚದ ತಲೆದಿಂಬಿನ ಮಟ್ಟಕ್ಕೆ ಬಾಗಿ, ಅವರಿಗೆ ಯಾವ ಎತ್ತರದಲ್ಲಿ ಕಾಣುತ್ತದೆಂದು ನೋಡಿ. ಮುಖ್ಯವಾಗಿ, ಚಿತ್ರವನ್ನು ತಾವು ಆರಿಸಬೇಡಿ. ಊಟ, ಸ್ನಾನ, ಮದ್ದಿನ ಹೊತ್ತು ಎಲ್ಲವನ್ನೂ ಬೇರೆಯವರು ನಿರ್ಧರಿಸುವ ಆಸ್ಪತ್ರೆಯಲ್ಲಿ ಇದೊಂದನ್ನಾದರೂ ತಾಯಿಯವರು ನಿರ್ಧರಿಸಲಿ. ನಾಲ್ಕೈದು ಚಿತ್ರಗಳನ್ನು ಒಯ್ದು ಅವರ ಮುಂದಿಡಿ. ಯಾವುದೂ ಬೇಡವೆಂದರೆ ಅದನ್ನೂ ಒಪ್ಪಿಕೊಳ್ಳಿ.

– ಸಂಪಾದಕ