‘ವಾನರ ತಾಯಿ’ ಎಂಬ ಒಂದೇ ತಾಯಿ ಇಲ್ಲ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ವಾನರಗಳ, ಅಂದರೆ ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್‌ಗಳಂಥ ಬಾಲವಿಲ್ಲದ ಪ್ರಾಣಿಗಳ ತಾಯ್ತನದ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ತಿದ್ದಿ ಬರೆದುಕೊಟ್ಟರೆ ಪ್ರಕಟಿಸುವ ಮನಸ್ಸಿರುವುದರಿಂದ ಕಾರಣಗಳನ್ನು ದಾಕ್ಷಿಣ್ಯವಿಲ್ಲದೆ ತಿಳಿಸುತ್ತಿದ್ದೇನೆ.

ನಿಮ್ಮ ಭಾಷೆ ಸರಾಗವಾಗಿದೆ. ತೊಡಕಿರುವುದು ಮೊದಲ ವಾಕ್ಯದಲ್ಲಿ. ‘ಚಿಂಪಾಂಜಿಯಾಗಲಿ ಗೊರಿಲ್ಲವಾಗಲಿ, ತಾಯಿಯ ಕರುಳು ಎಲ್ಲೆಡೆಯೂ ಒಂದೇ’ ಎಂದು ಆರಂಭಿಸುತ್ತೀರಿ. ಆಮೇಲಿನ ಪುಟಗಳೆಲ್ಲ ಆ ಮಾತಿಗೆ ಉದಾಹರಣೆ ಹುಡುಕುತ್ತ ಹೋಗುತ್ತವೆಯೇ ಹೊರತು ಅದು ನಿಜವೇ ಎಂದು ಒಮ್ಮೆಯೂ ಕೇಳುವುದಿಲ್ಲ. ತಾಯಂದಿರು ಹಸುಗೂಸನ್ನು ಗುಂಪಿನ ಇತರ ಹೆಣ್ಣುಗಳ ಕೈಗೆ ಕೊಡುತ್ತಾರೆ ಎಂಬುದಕ್ಕಂತೂ ಮುಸುವಗಳನ್ನು ಎಳೆದು ತಂದಿದ್ದೀರಿ. ಮುಸುವಗಳು ಹಾಗೆ ಮಾಡುವುದು ನಿಜ, ಆದರೆ ಅವು ಉದ್ದ ಬಾಲದ ಕೋತಿಗಳು, ನಿಮ್ಮ ಲೇಖನದ ವಾನರಗಳಲ್ಲ. ಕಾಡಿನ ಚಿಂಪಾಂಜಿಯಾಗಲಿ ಒರಾಂಗುಟಾನ್ ಆಗಲಿ ಮೊದಲ ತಿಂಗಳುಗಳಲ್ಲಿ ಮರಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದು ತೀರಾ ವಿರಳ. ಆ ಭಾಗವನ್ನು ತೆಗೆದುಹಾಕಿ.

ಒರಾಂಗುಟಾನ್‌ಗೆ ನೀವು ಕೊಟ್ಟಿರುವುದು ಒಂದೇ ಸಾಲು: ‘ಇದೂ ಮರಿಯನ್ನು ಬಹಳ ಕಾಲ ಸಾಕುತ್ತದೆ.’ ಲೇಖನದ ಜೀವ ಇರಬೇಕಾದದ್ದು ಅಲ್ಲಿಯೇ. ಬೋರ್ನಿಯೊ ಮತ್ತು ಸುಮಾತ್ರಾ ಕಾಡುಗಳ ಈ ಹೆಣ್ಣು ಸುಮಾರು 7ರಿಂದ 8 ವರ್ಷಗಳಿಗೊಮ್ಮೆ ಹೆರುತ್ತದೆ. ಗಂಡಿನ ನೆರವಿಲ್ಲ, ಗುಂಪಿನ ಆಸರೆಯಿಲ್ಲ. ಮರಿ ದಾಟಲಾರದಷ್ಟು ಅಂತರ ಎರಡು ಮರಗಳ ನಡುವೆ ಇದ್ದರೆ, ತಾಯಿ ಎರಡೂ ಕಡೆಯ ಕೊಂಬೆಗಳನ್ನು ಹಿಡಿದು ಮೈಚಾಚಿ ನಿಲ್ಲುತ್ತದೆ, ಮರಿ ಆ ಮೈಮೇಲೆಯೇ ಹತ್ತಿ ಆಚೆಗೆ ಹೋಗುತ್ತದೆ. ತಾಯಿ ತಿನ್ನುವಾಗ ಮರಿ ಅದರ ಬಾಯಿಗೆ ಮುಖ ತಾಗುವಷ್ಟು ಹತ್ತಿರ ಬಂದು ನೋಡುತ್ತದೆ; ಯಾವ ಹಣ್ಣನ್ನು, ಯಾವ ತೊಗಟೆಯನ್ನು, ಹೇಗೆ ಬಿಡಿಸಿ ತಿನ್ನಬೇಕೆಂಬುದನ್ನು ಕಲಿಯುವುದು ಹೀಗೆ. ಇಷ್ಟು ವರ್ಷ ಏಕೆ ಬೇಕು ಎಂಬುದಕ್ಕೂ ಒಳ್ಳೆಯ ಸಾಕ್ಷ್ಯವಿದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು, ತಾಯಿಯ ಹಾಲಿನಿಂದ ಮರಿಯ ಹಲ್ಲಿಗೆ ಸೇರುವ ಬೇರಿಯಂ ಎಂಬ ಧಾತುವನ್ನು ಪದರ ಪದರವಾಗಿ ಅಳೆದು, ಕೆಲವು ಮರಿಗಳು 8 ವರ್ಷ ದಾಟಿದ ಮೇಲೂ ಹಾಲು ಕುಡಿಯುತ್ತಿದ್ದವೆಂದು ತೋರಿಸಿದರು. ಹಾಲಿನ ಗುರುತು ಒಂದೇ ಸಮನೆ ಇಳಿಯುತ್ತ ಹೋಗಿರಲಿಲ್ಲ, ಏರಿಳಿಯುತ್ತಿತ್ತು. ಹಣ್ಣು ಸಿಗದ ಕಾಲದಲ್ಲಿ ಮರಿ ಮತ್ತೆ ಹಾಲನ್ನೇ ಹೆಚ್ಚು ನೆಚ್ಚಿಕೊಳ್ಳುತ್ತಿತ್ತು ಎಂಬುದು ಅವರ ವಿವರಣೆ. ನಿಮ್ಮ ‘ವಾತ್ಸಲ್ಯದ ಮಹಾಪೂರ’ಕ್ಕಿಂತ ಈ ಒಂದು ಹಲ್ಲು ಓದುಗರಿಗೆ ಹೆಚ್ಚು ಹೇಳುತ್ತದೆ.

ಇದರ ಪಕ್ಕದಲ್ಲಿ ಬೆಟ್ಟದ ಗೊರಿಲ್ಲವನ್ನು ಇಡಿ. ಸೊಪ್ಪು, ದಂಟುಗಳ ಆಹಾರ ಅದಕ್ಕೆ ವರ್ಷವಿಡೀ ಕೈಗೆಟಕುವಂತಿರುತ್ತದೆ. ಮರಿ ಮೂರು–ನಾಲ್ಕು ವರ್ಷಕ್ಕೆ ಹಾಲು ಬಿಡುತ್ತದೆ, ಮುಂದಿನ ಹೆರಿಗೆ ಸುಮಾರು 4 ವರ್ಷಕ್ಕೆ ಬರುತ್ತದೆ. ಬೆಳ್ಳಿಬೆನ್ನಿನ ಗಂಡು, ಅಂದರೆ ಬೆನ್ನಿನ ಕೂದಲು ಬೆಳ್ಳಗಾದ ವಯಸ್ಕ ಗಂಡು, ಬಳಿಯಲ್ಲೇ ಇರುತ್ತದೆ, ಮರಿಗಳು ಅದರ ಮೈಮೇಲೆ ಹತ್ತಿ ಆಡುತ್ತವೆ. ತಾಯಿಯನ್ನು ಕಳೆದುಕೊಂಡ ಮರಿ ರಾತ್ರಿ ಆ ಗಂಡಿನ ಪಕ್ಕದಲ್ಲಿಯೇ ಮಲಗುವುದೂ ಉಂಟು. ಒರಾಂಗುಟಾನ್ ಮರಿಗೆ ಅಂಥ ಎರಡನೆಯ ಆಸರೆಯೇ ಇಲ್ಲ. ಯಾವ ತಾಯಿಗೆ ಪ್ರೀತಿ ಹೆಚ್ಚು ಎಂದು ತೂಗಲು ಹೋಗಬೇಡಿ. ಯಾವ ತಾಯಿಯ ಸುತ್ತ ಏನಿದೆ, ಯಾರಿದ್ದಾರೆ ಎಂದು ನೋಡಿ ಬರೆಯಿರಿ.

ಪ್ರಭೇದಗಳ ನಡುವೆ ಮಾತ್ರವಲ್ಲ, ಒಂದೇ ಕಾಡಿನ ಎರಡು ತಾಯಂದಿರ ನಡುವೆಯೂ ಅಂತರವಿರುತ್ತದೆ ಎಂಬುದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. 1960ರಲ್ಲಿ ತಾಂಜಾನಿಯಾದ ಗೋಂಬೆಯಲ್ಲಿ ಚಿಂಪಾಂಜಿಗಳ ಅಧ್ಯಯನ ಆರಂಭಿಸಿದ ಜೇನ್ ಗುಡಾಲ್ ದಾಖಲಿಸಿದ ಫ್ಲೋ ಮತ್ತು ಪ್ಯಾಶನ್ ಎಂಬ ಎರಡು ತಾಯಿ ಚಿಂಪಾಂಜಿಗಳು ಇದಕ್ಕೆ ಎದ್ದು ಕಾಣುವ ಉದಾಹರಣೆ. ಫ್ಲೋ ಮರಿಗಳೊಡನೆ ಆಡುವ, ತಾಳ್ಮೆಯ ತಾಯಿ. ಪ್ಯಾಶನ್ ತನ್ನ ಮಗಳು ಪಾಮ್ ಬಗ್ಗೆ ಬಹುಮಟ್ಟಿಗೆ ಉದಾಸೀನವಾಗಿತ್ತು. 1970ರ ದಶಕದ ನಡುವಿನಲ್ಲಿ ಈ ತಾಯಿ–ಮಗಳು ಸೇರಿ ಇತರ ಹೆಣ್ಣುಗಳ ಹಸುಗೂಸುಗಳನ್ನು ಕಿತ್ತುಕೊಂಡು ಕೊಂದು ತಿಂದವು. ‘ವಾನರ ತಾಯಿ ಎಲ್ಲ ಮರಿಗಳಿಗೂ ತಾಯಿ’ ಎಂಬ ನಿಮ್ಮ ವಾಕ್ಯ ಇದರ ಮುಂದೆ ನಿಲ್ಲುವುದಿಲ್ಲ. ಹಾಗೆಂದು ಫ್ಲೋವನ್ನು ಆದರ್ಶ ತಾಯಿಯಾಗಿಸಲೂ ಹೋಗಬೇಡಿ. ಮುಪ್ಪಿನಲ್ಲಿ ಹುಟ್ಟಿದ ಮಗ ಫ್ಲಿಂಟ್‌ನನ್ನು ದೂರವಿಡುವಷ್ಟು ಕಸುವು ಅದಕ್ಕೆ ಉಳಿದಿರಲಿಲ್ಲ. ದೊಡ್ಡದಾದ ಮೇಲೂ ಅವನು ತಾಯಿಯ ಬೆನ್ನೇರುತ್ತಿದ್ದ, ಅದರ ಗೂಡಿನಲ್ಲೇ ಮಲಗುತ್ತಿದ್ದ. 1972ರಲ್ಲಿ ಫ್ಲೋ ಸತ್ತಾಗ ಎಂಟು ವರ್ಷದ ಫ್ಲಿಂಟ್ ಆಹಾರ ಬಿಟ್ಟು ಕುಗ್ಗಿ, ಕೆಲವೇ ವಾರಗಳಲ್ಲಿ ಸತ್ತ. ಈ ಪ್ರಸಂಗವನ್ನು ವಿಶೇಷಣಗಳಿಲ್ಲದೆ, ನಡೆದ ಕ್ರಮದಲ್ಲಿಯೇ ಬರೆದರೆ ಸಾಕು.

‘ತಾಯಿ ಪಾಠ ಹೇಳಿಕೊಡುತ್ತದೆ’ ಎಂಬ ಮಾತನ್ನೂ ಬಿಗಿಗೊಳಿಸಬೇಕು. ಗೋಂಬೆಯಲ್ಲಿ ಚಿಂಪಾಂಜಿ ಮರಿ ಕಡ್ಡಿಯಿಂದ ಗೆದ್ದಲು ಹಿಡಿಯುವುದನ್ನು ಹೆಚ್ಚಾಗಿ ನೋಡಿ ಕಲಿಯುತ್ತದೆ. ಕಾಂಗೋ ಗಣರಾಜ್ಯದ ಗುವಾಲೂಗೊದಲ್ಲಿ ಗೆದ್ದಲು ಹಿಡಿಯುವ ಉಪಕರಣ ಹೆಚ್ಚು ಜಟಿಲವಾದದ್ದು. ಅಲ್ಲಿನ ತಾಯಂದಿರು, ಮರಿ ಕೇಳಿದಾಗ ತಮ್ಮ ಕಡ್ಡಿಯನ್ನು ಬಿಟ್ಟುಕೊಡುವುದು ಗೋಂಬೆಗಿಂತ ಹೆಚ್ಚು ಎಂದು ಎರಡೂ ಕಡೆಯ ವೀಕ್ಷಣೆಗಳನ್ನು ಹೋಲಿಸಿದವರು ಕಂಡಿದ್ದಾರೆ. ಒಂದೇ ಪ್ರಾಣಿ, ಕೆಲಸ ಕಷ್ಟವಾದಲ್ಲಿ ತಾಯಿಯ ಕೈ ಸಡಿಲ.

ಚಿಂಪಾಂಜಿಯ ಹತ್ತಿರದ ಸಂಬಂಧಿಯಾದ ಬೊನೊಬೊಗೆ ಒಂದು ಪರಿಚ್ಛೇದ ಸಾಕು: ಬೆಳೆದ ಮಗನ ಬೆನ್ನಿಗೆ ನಿಂತು, ಹೆಣ್ಣುಗಳ ಒಡನಾಟ ಅವನಿಗೆ ದೊರೆಯುವಂತೆ ನೋಡಿಕೊಳ್ಳುವ ತಾಯಿ ಅದು. ಮನುಷ್ಯ ತಾಯಂದಿರಿಗೆ ಬುದ್ಧಿ ಹೇಳುವ ಕೊನೆಯ ಪುಟ ಬೇಡವೇ ಬೇಡ. ಮೂರನೆಯ ಚಿತ್ರದಲ್ಲಿರುವುದು ಗಿಬ್ಬನ್ ಮರಿ, ಅಡಿಬರಹದಲ್ಲಿ ಒರಾಂಗುಟಾನ್ ಎಂದಿದೆ. ಹೊಸ ಪ್ರತಿಯೊಡನೆ ಬೇರೆ ಚಿತ್ರವನ್ನು ಕಳುಹಿಸಿ.

ಇಂತಿ,
ಸಂಪಾದಕ